ಆರು ಆಲಿಕೆಗಳ ಟುಲ್‌ಗ್ರೆನ್ ಉಪಕರಣ: ಮಣ್ಣಿನ ಸ್ಪ್ರಿಂಗ್‌ಟೇಲ್‌ಗಳ ಹೊಸ ಪ್ರಭೇದ ವಿವರಿಸುವವರಿಗೆ ಇದು ಎಷ್ಟು ಒದಗುತ್ತದೆ?

ಪ್ರಯೋಗಾಲಯದ ಸಾಮಗ್ರಿ ಮಾಡುವ ನಮ್ಮ ದೇಶದ ತಯಾರಕರೊಬ್ಬರಿಂದ ತರಿಸಿಕೊಂಡ, ಸ್ಪ್ರಿಂಗ್‌ಟೇಲ್‌ಗಳಂತಹ ಮಣ್ಣಿನ ಪುಟ್ಟ ಜೀವಿಗಳನ್ನು ಬಲ್ಬಿನ ಶಾಖದಿಂದ ಕೆಳಗಿನ ಶೀಶೆಗೆ ಇಳಿಸುವ, ಆರು ಆಲಿಕೆಗಳ ಟುಲ್‌ಗ್ರೆನ್ ಉಪಕರಣವನ್ನು ಮಲೆನಾಡಿನ ಕಾಡು ಮತ್ತು ಅಡಿಕೆ ತೋಟಗಳ ಮಣ್ಣಿನ ಮೇಲೆ ಬೇಸಿಗೆಯಲ್ಲೂ ಮಳೆಗಾಲದಲ್ಲೂ ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕಬ್ಬಿಣದ ಚೌಕಟ್ಟಿನಲ್ಲಿ ಸಾಲಾಗಿ ಕೂರಿಸಿದ ಆರು ಸ್ಟೀಲ್ ಆಲಿಕೆಗಳು, ಪ್ರತಿಯೊಂದರ ಬಾಯಿಗೆ ಒಂದು ಜರಡಿ ತಟ್ಟೆ, ಅದರ ಮೇಲೆ 40 ವ್ಯಾಟ್ ಬಲ್ಬ್ ಇರುವ ತಗಡಿನ ಮುಚ್ಚಳ, ಕೆಳತುದಿಗೆ ತಿರುಪು ಮುಚ್ಚಳದ ಪ್ಲಾಸ್ಟಿಕ್ ಶೀಶೆ, ಎಲ್ಲ ಬಲ್ಬುಗಳಿಗೂ ಸೇರಿ ಒಂದು ರೆಗ್ಯುಲೇಟರ್, ಜೊತೆಗೆ ಒಂದು ಇಕ್ಕಳ ಮತ್ತು ತೆಳುವಾದ ಕೈಪಿಡಿ, ಇಷ್ಟು ಪೆಟ್ಟಿಗೆಯಲ್ಲಿ ಬರುತ್ತವೆ. ಇದೇ ವಿನ್ಯಾಸದ ಉಪಕರಣ ಬೇರೆ ಬೇರೆ ಹೆಸರುಗಳಲ್ಲಿ ಸಿಗುವುದರಿಂದ ತಯಾರಕರು ಯಾರು ಎನ್ನುವುದಕ್ಕಿಂತ ವಿನ್ಯಾಸದ ಗುಣದೋಷಗಳೇ ಇಲ್ಲಿ ಮುಖ್ಯ.

ಇಂತಹ ಉಪಕರಣ ಕೊಳ್ಳುವವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಇಷ್ಟು ಮಣ್ಣಿನಿಂದ ಎಷ್ಟು ಜೀವಿಗಳು ಕೆಳಗಿಳಿಯುತ್ತವೆ? ಎರಡು ಹೊಲಗಳನ್ನು ಹೋಲಿಸುವವರಿಗೆ, ಗೊಬ್ಬರದ ಅಥವಾ ಕೀಟನಾಶಕದ ಪರಿಣಾಮವನ್ನು ಅಳೆಯುವವರಿಗೆ ಆ ಎಣಿಕೆ ಸಾಕು. ಹೊಸ ಪ್ರಭೇದವೊಂದನ್ನು ವಿವರಿಸಲು ಹೊರಟವರಿಗೆ ಅದು ಸಾಲದು. ಅವರಿಗೆ ಬೇಕಾದದ್ದು ಮೈಮೇಲಿನ ರೋಮಗಳೆಲ್ಲ ಇದ್ದಲ್ಲೇ ಇರುವ, ಕುಡಿಮೀಸೆ ಮುರಿಯದ, ಎಲ್ಲಿಂದ ಬಂತೆಂಬುದರಲ್ಲಿ ಕಿಂಚಿತ್ತೂ ಅನುಮಾನವಿಲ್ಲದ ಕೆಲವೇ ಮಾದರಿಗಳು. ಶೀಶೆಯ ತಳದಲ್ಲಿ ನೂರು ಜೀವಿಗಳಿದ್ದು ನೂರಕ್ಕೂ ಮೀಸೆ ತುಂಡಾಗಿದ್ದರೆ ಆ ಶೀಶೆಯಿಂದ ಹೊಸ ಹೆಸರು ಹುಟ್ಟುವುದಿಲ್ಲ. ಈ ಉಪಕರಣವನ್ನು ನಾನು ಆ ಒಂದು ಅಳತೆಗೋಲಿನಿಂದಲೇ ಅಳೆದಿದ್ದೇನೆ.

ಅಳತೆಗೋಲು ಇಷ್ಟು ಬಿಗಿಯಾಗಲು ಕಾರಣ ಆ ಪ್ರಾಣಿಯ ದೇಹದಲ್ಲಿಯೇ ಇದೆ. ಸ್ಪ್ರಿಂಗ್‌ಟೇಲ್‌ಗಳು, ಅಂದರೆ ಕೊಲೆಂಬೊಲಾ ಗುಂಪಿನವು, ಆರು ಕಾಲಿದ್ದರೂ ಕೀಟಗಳ ವರ್ಗದಿಂದ ಹೊರಗೆ ಪ್ರತ್ಯೇಕವಾಗಿ ನಿಲ್ಲುವ ಜೀವಿಗಳು. ಜಗತ್ತಿನಾದ್ಯಂತ ಇದುವರೆಗೆ 9,000ಕ್ಕೂ ಹೆಚ್ಚು ಪ್ರಭೇದಗಳನ್ನು ವಿವರಿಸಲಾಗಿದೆ. ತರಗೆಲೆಯ ಮೇಲ್ಪದರದಲ್ಲಿರುವವುಗಳಿಗೆ ಬಣ್ಣವಿದೆ, ಕಣ್ಣಿದೆ, ಹೊಟ್ಟೆಯ ಕೆಳಗೆ ಮಡಿಸಿಟ್ಟುಕೊಂಡ ಕವಲೊಡೆದ ಜಿಗಿಯುವ ಅಂಗವಿದೆ. ಮಣ್ಣಿನೊಳಕ್ಕೆ ಇಳಿದಂತೆ ಇವೆಲ್ಲ ಒಂದೊಂದಾಗಿ ಇಲ್ಲವಾಗುತ್ತವೆ. ಒನಿಕಿಯುರಿಡೇ ಮತ್ತು ಟುಲ್‌ಬರ್ಜಿಡೇ ಕುಟುಂಬಗಳ ಸದಸ್ಯರು ಬೆಳ್ಳಗಿನ, ಕುರುಡಾದ, ಬಹುಪಾಲು ಜಿಗಿಯಲಾರದ ಜೀವಿಗಳು. ಹಲವು ಒಂದು ಮಿಲಿಮೀಟರ್ ಕೂಡ ಉದ್ದವಿರುವುದಿಲ್ಲ. ಬಣ್ಣ, ಕಣ್ಣು, ಜಿಗಿಯುವ ಅಂಗ ಯಾವುದೂ ಇಲ್ಲದಿರುವಾಗ ಒಂದು ಪ್ರಭೇದವನ್ನು ಮತ್ತೊಂದರಿಂದ ಬೇರ್ಪಡಿಸಲು ಉಳಿಯುವುದು ಚರ್ಮದ ಮೇಲಿನ ಗುರುತುಗಳು ಮಾತ್ರ. ಪ್ರತಿ ಖಂಡದ ಮೇಲೆ ಯಾವ ರೋಮ ಎಲ್ಲಿದೆ, ಮೀಸೆಯ ಬುಡದ ಹಿಂದಿರುವ ಸಂವೇದನಾಂಗದಲ್ಲಿ ಎಷ್ಟು ಗುಳ್ಳೆಗಳಿವೆ, ಮೀಸೆಯ ಮೂರನೆಯ ಖಂಡದ ಸಂವೇದನಾಂಗದ ಆಕಾರವೇನು, ಸ್ಯೂಡೊಸೆಲ್ಲಸ್ ಎಂದು ಕರೆಯುವ ರಂಧ್ರಗಳು ತಲೆಯಿಂದ ಉದರದ ತುದಿಯವರೆಗೆ ಖಂಡವಾರು ಎಷ್ಟೆಷ್ಟಿವೆ ಎಂಬ ಲೆಕ್ಕದ ಮೇಲೆ ಇಡೀ ನಿರ್ಣಯ ನಿಂತಿರುತ್ತದೆ.

ಈ ಗುರುತುಗಳಿಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಮೆಸಫೋರುರಾ ಕ್ರೌಸ್‌ಬೌಎರಿ ಒಳ್ಳೆಯ ಉದಾಹರಣೆ. ಬ್ಯೋರ್ನರ್ 1901ರಲ್ಲಿ ಹೆಸರಿಸಿದ ಈ ಪುಟ್ಟ ಬಿಳಿ ಜೀವಿಯನ್ನು ಬಹುಕಾಲ ಎಲ್ಲೆಲ್ಲೂ ಸಿಗುವ ಒಂದೇ ಪ್ರಭೇದವೆಂದು ಬರೆದುಕೊಳ್ಳಲಾಗುತ್ತಿತ್ತು. ಚೆಕ್ ವಿಜ್ಞಾನಿ ಯೋಸೆಫ್ ರುಸೆಕ್ 1971ರಲ್ಲಿ ರೋಮಗಳ ವಿನ್ಯಾಸವನ್ನು ಒಂದೊಂದಾಗಿ ಹೋಲಿಸಿ, ಆ ಒಂದು ಹೆಸರಿನಡಿ ಹಲವು ಪ್ರಭೇದಗಳು ಸೇರಿಕೊಂಡಿವೆ ಎಂದು ತೋರಿಸಿದರು. ಅದಕ್ಕೂ ಹಿಂದಿನ ಸಮೀಕ್ಷೆಗಳ ಪಟ್ಟಿಯಲ್ಲಿ ಆ ಹೆಸರು ಕಂಡಾಗ ಅದು ನಿಜವಾಗಿ ಯಾವ ಪ್ರಭೇದ ಎಂದು ಇಂದು ಹೇಳಬೇಕಾದರೆ ಮೂಲ ಸ್ಲೈಡನ್ನೇ ಮತ್ತೆ ನೋಡಬೇಕು. ದಕ್ಷಿಣ ಭಾರತದ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. ಹ್ಯಾಂಡ್‌ಶಿನ್ 1929ರಲ್ಲಿ ದಕ್ಷಿಣ ಭಾರತದ ಕೊಲೆಂಬೊಲಾ ಕುರಿತು ಪ್ರಕಟಿಸಿದ ಕೆಲಸದಂತಹ ಹಳೆಯ ವಿವರಣೆಗಳು, ರೋಮವಿನ್ಯಾಸವನ್ನು ಇಂದಿನಷ್ಟು ಕೂಲಂಕಷವಾಗಿ ದಾಖಲಿಸುವ ರೂಢಿ ಬರುವ ಮೊದಲಿನವು. ಆದ್ದರಿಂದ ನಮ್ಮ ಘಟ್ಟದ ಮಣ್ಣಿನಲ್ಲಿ ಸಿಕ್ಕಿದ್ದು ಹೊಸದೋ ಹಳೆಯದೋ ಎಂದು ತೀರ್ಮಾನಿಸಲು, ಅದೇ ಜಾಗದಿಂದ ಹೊಸದಾಗಿ ತೆಗೆದ, ಊನವಿಲ್ಲದ ಮಾದರಿಗಳು ಪದೇ ಪದೇ ಬೇಕಾಗುತ್ತವೆ. ಆಲಿಕೆಯ ಕೆಲಸ ಶುರುವಾಗುವುದು ಇಲ್ಲಿಂದ.

ಉಪಕರಣದ ತತ್ವ ಹಳೆಯದು ಮತ್ತು ಸರಳವಾದದ್ದು. ಇಟಲಿಯ ಆಂಟೋನಿಯೋ ಬರ್ಲೀಸ್ 1905ರಲ್ಲಿ ಬಿಸಿನೀರಿನ ಕವಚವಿದ್ದ ಆಲಿಕೆಯನ್ನು ಬಳಸಿದರು. ಸ್ವೀಡನ್ನಿನ ಆಲ್ಬರ್ಟ್ ಟುಲ್‌ಗ್ರೆನ್ 1918ರಲ್ಲಿ ನೀರಿನ ಬದಲು ಮೇಲಿನಿಂದ ವಿದ್ಯುತ್ ಬಲ್ಬ್ ಹಿಡಿದರು. ಮೇಲಿನ ಮಣ್ಣು ಒಣಗಿ ಬಿಸಿಯಾಗುತ್ತಾ ಬಂದಂತೆ ಜೀವಿಗಳು ತೇವ ಹುಡುಕಿಕೊಂಡು ಕೆಳಗೆ ಸರಿಯುತ್ತವೆ, ಕೊನೆಗೆ ಜರಡಿಯಿಂದ ಜಾರಿ ಶೀಶೆಗೆ ಬೀಳುತ್ತವೆ. ಇದರಲ್ಲಿ ಜೀವಿ ತಾನೇ ನಡೆದು ಹೊರಬರಬೇಕು ಎಂಬುದನ್ನು ಬಳಸುವವರು ಮರೆಯಬಾರದು. ಮೊಟ್ಟೆಗಳು ಬರುವುದಿಲ್ಲ. ಸ್ಪ್ರಿಂಗ್‌ಟೇಲ್‌ಗಳು ಪ್ರಾಯಕ್ಕೆ ಬಂದ ಮೇಲೂ ಜೀವಮಾನವಿಡೀ ಪೊರೆ ಬಿಡುತ್ತಲೇ ಇರುತ್ತವೆ. ಪೊರೆ ಬಿಡುತ್ತಾ ನಿಶ್ಚಲವಾಗಿರುವವುಗಳೂ ಒಳಗೇ ಉಳಿಯುತ್ತವೆ. ತಯಾರಕರು ಯಾರೇ ಆಗಿರಲಿ, ಎಲ್ಲವನ್ನೂ ಹೊರತೆಗೆಯುತ್ತದೆ ಎಂದು ಹೇಳಿದರೆ ಅದನ್ನು ನಂಬಬೇಕಾಗಿಲ್ಲ.

ಈ ಉಪಕರಣದ ಅತ್ಯುತ್ತಮ ಭಾಗ ಅದರ ರೆಗ್ಯುಲೇಟರ್. ಶಾಖವನ್ನು ಹಂತಹಂತವಾಗಿ ಏರಿಸಲು ಬರುವುದೇ ಮಣ್ಣಿನ ಆಳದ ಜೀವಿಗಳನ್ನು ಜೀವಂತವಾಗಿ ಇಳಿಸುವ ಉಪಾಯ. ಅವು ತೆಳು ಚರ್ಮದ ಮೂಲಕವೇ ಉಸಿರಾಡುವಂಥವು, ಒಣಗಿದರೆ ಬೇಗನೆ ಸಾಯುತ್ತವೆ, ಓಟದ ವೇಗವೂ ಕಡಿಮೆ. ಮೊದಲ ದಿನವೇ ಬಲ್ಬನ್ನು ಪೂರ್ತಿ ಉರಿಸಿದರೆ ಮೇಲ್ಪದರ ಗಟ್ಟಿಯಾಗಿ ಕುಗ್ಗಿ, ಒಳದಾರಿಗಳು ಮುಚ್ಚಿಕೊಂಡು, ಜೀವಿಗಳು ನಡುವೆಯೇ ಸಿಕ್ಕಿ ಸಾಯುತ್ತವೆ. ಕೈಪಿಡಿಯಲ್ಲಿ ಮಾತ್ರ ಪೂರ್ಣ ಶಾಖದಲ್ಲಿ 24 ಗಂಟೆ ಎಂದು ಅಚ್ಚಾಗಿದೆ. ಒಣ ತರಗೆಲೆಯಲ್ಲಿರುವ ಚುರುಕಾದ ಜೀವಿಗಳಿಗೆ ಅದು ಸರಿಹೋದೀತು. ಮಲೆನಾಡಿನ ಜಿಗುಟಾದ ಕೆಂಪು ಮಣ್ಣಿಗೆ ಆ ಸಲಹೆ ಸರ್ವಥಾ ತಪ್ಪು. ಮೊದಲು ಬಲ್ಬೇ ಇಲ್ಲದೆ ಕೋಣೆಯ ಶಾಖದಲ್ಲಿ ಬಿಟ್ಟು, ಆಮೇಲೆ ಬಲ್ಬ್ ಮಂಕಾಗಿ ಕೆಂಪಗೆ ಕಾಣುವಷ್ಟು ಮಾತ್ರ ಉರಿಸಿ, ಒಂದು ವಾರದವರೆಗೂ ನಿಧಾನವಾಗಿ ಏರಿಸುತ್ತಾ ಹೋದರೆ ಬರುವ ಮಾದರಿಗಳ ಸ್ಥಿತಿಯೇ ಬೇರೆ. ಬ್ರಿಟನ್ನಿನ ಮ್ಯಾಕ್‌ಫೇಡಿಯನ್ ರೂಪಿಸಿದ ಉಪಕರಣದಲ್ಲಿ ಮೇಲೆ ಬಿಸಿ ಮಾಡುವಾಗಲೇ ಕೆಳಭಾಗವನ್ನು ತಣ್ಣಗಿಡುವ ಏರ್ಪಾಡಿರುತ್ತದೆ, ಇದರಲ್ಲಿ ಅದಿಲ್ಲ. ಆ ಸೌಕರ್ಯವನ್ನು ಈ ದರ್ಜೆಯ ಉಪಕರಣದಲ್ಲಿ ನಿರೀಕ್ಷಿಸುವುದೂ ನ್ಯಾಯವಲ್ಲ. ಆದರೆ ಆರೂ ಬಲ್ಬುಗಳಿಗೆ ಒಂದೇ ರೆಗ್ಯುಲೇಟರ್ ಇಟ್ಟಿರುವುದು ಕೊರತೆಯೇ ಸರಿ, ಏಕೆಂದರೆ ತೋಟದ ಸಡಿಲ ಮಣ್ಣು ಮತ್ತು ಶೋಲಾ ಕಾಡಿನ ನೀರೂರಿದ ಕಪ್ಪು ಮಣ್ಣು ಒಂದೇ ವೇಗದಲ್ಲಿ ಒಣಗುವುದಿಲ್ಲ.

ಬಲ್ಬಿನ ವಿಷಯದಲ್ಲಿ ಇನ್ನೊಂದು ಮಾತು. ಕೊಡುವ ಬಲ್ಬುಗಳು ತಂತಿ ಕಾಯುವ ಹಳೆಯ ನಮೂನೆಯವು, ಅವೇ ಇಲ್ಲಿ ಬೇಕಾದವು. ಅವು ಸುಟ್ಟುಹೋದಾಗ ಪೇಟೆಯಲ್ಲಿ 40 ಕ್ಯಾಂಡಲ್ ಬಲ್ಬ್ ಕೇಳಿದರೆ ಈಗ ಅಂಗಡಿಯವರು ಎಲ್‌ಇಡಿ ಬಲ್ಬನ್ನೇ ಕೈಗಿಡುತ್ತಾರೆ. ಎಲ್‌ಇಡಿ ಬೆಳಕು ಕೊಟ್ಟೀತು, ಮಣ್ಣನ್ನು ಒಣಗಿಸುವ ಶಾಖ ಅದರಿಂದ ಬರುವುದಿಲ್ಲ. ಉಪಕರಣ ಕೊಳ್ಳುವಾಗಲೇ ಒಂದಷ್ಟು ಹೆಚ್ಚುವರಿ ಬಲ್ಬುಗಳನ್ನು ಸೇರಿಸಿ ತರಿಸಿಕೊಳ್ಳುವುದು ಒಳ್ಳೆಯದು.

ಜರಡಿ ತಟ್ಟೆಯ ಕಣ್ಣು 2 ಮಿಲಿಮೀಟರ್. ಬಿಳಿ ಸ್ಪ್ರಿಂಗ್‌ಟೇಲ್‌ಗಳು ಇಳಿಯಲು ಇದು ಧಾರಾಳವಾಯಿತು. ತೊಂದರೆಯೆಂದರೆ ಒಣಗಿದ ಮಣ್ಣಿನ ಹರಳುಗಳೂ ಅಷ್ಟೇ ಧಾರಾಳವಾಗಿ ಉದುರುತ್ತವೆ, ಮತ್ತು ಶೀಶೆಯೊಳಗೆ ಮರಳಿನ ಕಣಗಳ ನಡುವೆ ಉರುಳಾಡಿದ ಮಾದರಿಯ ರೋಮಗಳು ಮುರಿಯದೆ ಉಳಿಯುವುದು ಕಷ್ಟ. ಮಣ್ಣನ್ನು ಪುಡಿಮಾಡಿ ಸುರಿಯದೆ, ಕೊರೆದು ತೆಗೆದ ಉಂಡೆಯನ್ನು ಹಾಗೆಯೇ ತಲೆಕೆಳಗಾಗಿ ಇಟ್ಟರೆ ಉದುರುವುದು ಬಹಳ ಕಡಿಮೆಯಾಗುತ್ತದೆ. ಜೀವಿಗಳು ತಾವು ಮೊದಲೇ ಓಡಾಡುತ್ತಿದ್ದ ಸಂದುಗಳ ಮೂಲಕವೇ, ಸಂದುಗಳು ಅಗಲವಾಗಿರುವ ಮೇಲ್ಮೈಯ ಕಡೆಗೆ ಇಳಿದು ಬರುತ್ತವೆ. ಕೈಪಿಡಿಯಲ್ಲಿ ಈ ಮಾತಿಲ್ಲ. ಜರಡಿಯ ಮೇಲೆ ಒಂದು ಪದರ ಹತ್ತಿಯ ಜಾಳು ಬಟ್ಟೆ ಹಾಸಿದರೂ ಮರಳು ಬೀಳುವುದು ತಗ್ಗುತ್ತದೆ, ಆದರೆ ಕೆಲವು ಉದ್ದ ಮೀಸೆಯ ಜೀವಿಗಳು ಎಳೆಗಳಲ್ಲಿ ಸಿಕ್ಕಿಕೊಳ್ಳುವುದನ್ನು ಕಂಡ ಮೇಲೆ ನಾನು ಬಟ್ಟೆಯನ್ನು ಬಿಟ್ಟಿದ್ದೇನೆ.

ವಿನ್ಯಾಸದ ದೊಡ್ಡ ದೋಷ ಜರಡಿ ತಟ್ಟೆ ಕೂರುವ ರೀತಿಯಲ್ಲಿದೆ. ತಟ್ಟೆಯ ಅಂಚು ಆಲಿಕೆಯ ಬಾಯಿಗೆ ಗಾಳಿಯಾಡದಂತೆ ಬಿಗಿಯಾಗಿ ಕೂರುತ್ತದೆ, ನೋಡಲು ಅಚ್ಚುಕಟ್ಟು. ಮಳೆಗಾಲದ ಮಣ್ಣನ್ನು ಇಟ್ಟು ಬಲ್ಬ್ ಹಾಕಿದರೆ ಏಳುವ ಹಬೆಗೆ ಹೊರಹೋಗುವ ದಾರಿಯಿಲ್ಲದೆ ಆಲಿಕೆಯ ತಣ್ಣನೆಯ ಒಳಗೋಡೆಯ ಮೇಲೆ ಹನಿಗಟ್ಟುತ್ತದೆ. ಬೆಳಗ್ಗೆ ಮುಚ್ಚಳ ತೆಗೆದು, ತಟ್ಟೆ ಎತ್ತಿ, ಟಾರ್ಚ್ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಗೋಡೆಯ ಹನಿಗಳಲ್ಲಿ ಬಿಳಿಯ ನೂಲಿನ ಚೂರುಗಳಂತೆ ಅಂಟಿಕೊಂಡವು ಕಾಣುತ್ತವೆ. ಇನ್ನಷ್ಟು ಹತ್ತಿರದಿಂದ ನೋಡಿದಾಗ ಮೈ ಹನಿಯೊಳಗೆ ಮುಳುಗಿ, ಕಾಲುಗಳು ಮಾತ್ರ ನಿಧಾನವಾಗಿ ಆಡುತ್ತಿರುತ್ತವೆ. ಹನಿ ಒಣಗುವಾಗ ಅವೂ ಗೋಡೆಗೆ ಅಂಟಿ ಒಣಗುತ್ತವೆ. ಅವುಗಳನ್ನು ಕುಂಚದಿಂದ ಬಿಡಿಸಿದರೆ ಮೀಸೆ ಗೋಡೆಯಲ್ಲೇ ಉಳಿಯುತ್ತದೆ, ಮೂರನೆಯ ಖಂಡದ ಸಂವೇದನಾಂಗ ಅದರೊಡನೆಯೇ ಹೋಗುತ್ತದೆ, ಆ ಮಾದರಿಯಿಂದ ಕುಲವನ್ನು ಹೇಳಬಹುದೇ ಹೊರತು ಪ್ರಭೇದವನ್ನು ವಿವರಿಸಲಾಗುವುದಿಲ್ಲ. ಪರಿಹಾರ ಮಾತ್ರ ಸುಲಭ: ತಟ್ಟೆಯ ಅಂಚಿನ ಕೆಳಗೆ ಮೂರು ಕಡೆ ದಪ್ಪ ತಂತಿಯ ತುಂಡುಗಳನ್ನಿಟ್ಟು ಗಾಳಿ ಹೋಗುವಷ್ಟು ಸಂದು ಬಿಡಬೇಕು. ತಟ್ಟೆಯನ್ನು ಆಲಿಕೆಗಿಂತ ಸ್ವಲ್ಪ ಕಿರಿದಾಗಿ ಮಾಡಿ ಮೂರು ಕಾಲುಗಳ ಮೇಲೆ ನಿಲ್ಲಿಸಿದ್ದರೆ ಈ ತೊಂದರೆ ತಯಾರಿಕೆಯಲ್ಲಿಯೇ ನಿವಾರಣೆಯಾಗುತ್ತಿತ್ತು.

ಕೆಳಗಿನ ಶೀಶೆಯ ಬಗ್ಗೆ ಒಳ್ಳೆಯದನ್ನೇ ಹೇಳಬೇಕು. ಬಾಯಿ ಅಗಲವಾಗಿದೆ, ತಿರುಪು ಸರಿಯಾಗಿ ಕೂರುತ್ತದೆ, ಪ್ಲಾಸ್ಟಿಕ್ ಪಾರದರ್ಶಕವಾಗಿರುವುದರಿಂದ ತೆಗೆಯದೆಯೇ ಒಳಗೆ ನೋಡಬಹುದು. ಎಥನಾಲ್ ತುಂಬಿಸಿ ಇಡುವುದು ವಾಡಿಕೆ: ದೇಹರಚನೆ ನೋಡಲು 70 ಶೇಕಡಾ ಸಾಕು, ಡಿಎನ್‌ಎ ತೆಗೆಯುವುದಿದ್ದರೆ 95 ಶೇಕಡಾದ ಮೇಲಿರಬೇಕು. ಆದರೆ ಹೊಸ ಪ್ರಭೇದದ ಅನುಮಾನ ಬಂದ ಜಾಗದ ಮಣ್ಣಿಗೆ ನಾನು ಎಥನಾಲ್ ಹಾಕುವುದೇ ಇಲ್ಲ. ಶೀಶೆಯ ತಳದಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಮತ್ತು ಇದ್ದಿಲಿನ ಪುಡಿ ಬೆರೆಸಿ ಎರಕ ಹೊಯ್ದು, ತೇವ ಮಾಡಿ ಇಟ್ಟರೆ ಜೀವಿಗಳು ಜೀವಂತವಾಗಿ ಬಂದು ಕೂರುತ್ತವೆ. ಕಪ್ಪು ನೆಲದ ಮೇಲೆ ಬಿಳಿ ಮೈ ಎದ್ದು ಕಾಣುತ್ತದೆ. ಒನಿಕಿಯುರಿಡೇ ಕುಟುಂಬದವನ್ನು ಕುಂಚದ ತುದಿಯಿಂದ ಮೆಲ್ಲಗೆ ಮುಟ್ಟಿದಾಗ ಸ್ಯೂಡೊಸೆಲ್ಲಸ್ ರಂಧ್ರಗಳಿಂದ ರಕ್ಷಣೆಗಾಗಿ ದ್ರವ ಒಸರುತ್ತದೆ. ಬೈನಾಕ್ಯುಲರ್ ಸೂಕ್ಷ್ಮದರ್ಶಕದಡಿ ಅದು ಯಾವ ಖಂಡದ ಯಾವ ಬದಿಯಿಂದ ಒಸರಿತೆಂದು ಗುರುತಿಸಲು ಸಾಧ್ಯ. ಸ್ಲೈಡ್ ಮಾಡಿದ ಮೇಲೆ ಆ ರಂಧ್ರಗಳನ್ನು ಹುಡುಕುವಾಗ ಈ ಗುರುತು ತುಂಬಾ ನೆರವಾಗುತ್ತದೆ. ಜೀವಂತ ಹಿಡಿಯುವುದಕ್ಕೆ ಒಂದು ಎಚ್ಚರಿಕೆಯೂ ಬೇಕು: ಮಣ್ಣಿನಿಂದ ಬೇಟೆಗಾರ ನುಸಿಗಳೂ ಇಳಿದು ಬರುತ್ತವೆ, ಶೀಶೆಯನ್ನು ದಿನಕ್ಕೆರಡು ಸಲವಾದರೂ ನೋಡಿ ಅವುಗಳನ್ನು ತೆಗೆಯದಿದ್ದರೆ ಅವು ಸ್ಪ್ರಿಂಗ್‌ಟೇಲ್‌ಗಳನ್ನು ತಿಂದು ಮುಗಿಸುತ್ತವೆ.

ಜೊತೆಗೆ ಕೊಡುವ ಇಕ್ಕಳ ಈ ಕೆಲಸಕ್ಕೆ ಸಲ್ಲದು. ಇಷ್ಟು ಮೃದುವಾದ ದೇಹವನ್ನು ಲೋಹದಿಂದ ಹಿಡಿದರೆ ಹಿಡಿದಲ್ಲೇ ನಜ್ಜಾಗುತ್ತದೆ. ಅದರ ಬದಲು ಚಿತ್ರಕಾರರು ಬಳಸುವ ಅತಿ ಸಣ್ಣ ಕುಂಚವೊಂದನ್ನು ಇಟ್ಟಿದ್ದರೆ ತಯಾರಕರಿಗೆ ಖರ್ಚೂ ಕಡಿಮೆಯಾಗುತ್ತಿತ್ತು, ಕೊಂಡವರಿಗೂ ಉಪಯೋಗವಾಗುತ್ತಿತ್ತು.

ಶೀಶೆಯಿಂದ ಆಚೆಗಿನ ಕೆಲಸ ಉಪಕರಣದ ವ್ಯಾಪ್ತಿಗೆ ಬರುವುದಿಲ್ಲವಾದರೂ ಅದನ್ನು ಅರಿತಿದ್ದರೆ ಆಲಿಕೆಯಿಂದ ಏನನ್ನು ಕೇಳಬೇಕೆಂಬುದು ಸ್ಪಷ್ಟವಾಗುತ್ತದೆ. ಮಾದರಿಯನ್ನು ಲ್ಯಾಕ್ಟಿಕ್ ಆಮ್ಲದಲ್ಲಿ ತಿಳಿಗೊಳಿಸಿ, ಸ್ಲೈಡಿನ ಮೇಲೆ ಹೋಯರ್ ದ್ರವದಂತಹ ಮಾಧ್ಯಮದಲ್ಲಿ ಕೂರಿಸಿ, ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬಿಡಿಸಬೇಕು. ಹೋಯರ್ ದ್ರವ ಗಾಳಿಯ ತೇವ ಹೀರುವುದರಿಂದ ನಮ್ಮ ಮಳೆಗಾಲದಲ್ಲಿ ಗಾಜಿನ ಅಂಚನ್ನು ಚೆನ್ನಾಗಿ ಮುಚ್ಚದ ಸ್ಲೈಡುಗಳು ಉಳಿಯುವುದಿಲ್ಲ. ಮರಿಗಳಲ್ಲಿ ರೋಮಗಳು ಪೂರ್ತಿ ಮೂಡಿರುವುದಿಲ್ಲವಾದ್ದರಿಂದ ಜನನೇಂದ್ರಿಯದ ರಂಧ್ರ ಸ್ಪಷ್ಟವಾಗಿ ಕಾಣುವ ಪ್ರಾಯದ ಗಂಡು ಮತ್ತು ಹೆಣ್ಣುಗಳು, ಬೆನ್ನು ಮೇಲಾಗಿ ಕೆಲವು, ಪಕ್ಕಕ್ಕೆ ಹೊರಳಿಸಿ ಕೆಲವು, ಹೀಗೆ ಹಲವು ಮಾದರಿಗಳು ಬೇಕು. ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ನಾಲ್ಕನೆಯ ಆವೃತ್ತಿ 2000ದ ಜನವರಿ 1ರಿಂದ ಜಾರಿಗೆ ಬಂದ ಮೇಲೆ, ಹೊಸ ಪ್ರಭೇದದ ಹೆಸರು ಮಾನ್ಯವಾಗಬೇಕಾದರೆ ಆ ಹೆಸರಿಗೆ ಆಧಾರವಾಗುವ ಮಾದರಿ, ಸಾಮಾನ್ಯವಾಗಿ ಹೋಲೋಟೈಪ್ ಎಂದು ಕರೆಯುವ ಒಂದೇ ಮಾದರಿ, ಯಾವುದು ಮತ್ತು ಅದು ಯಾವ ಸಂಗ್ರಹಾಲಯದಲ್ಲಿದೆ ಎಂಬುದನ್ನು ಲೇಖನದಲ್ಲೇ ನಮೂದಿಸಬೇಕು. ನಮ್ಮ ದೇಶದಲ್ಲಿ ಜೀವವೈವಿಧ್ಯ ಕಾಯ್ದೆ 2002ರ 39ನೇ ಕಲಮಿನಂತೆ ಹೊಸದಾಗಿ ಕಂಡುಹಿಡಿದ ಜೀವಿಯ ವಿಷಯವನ್ನು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ ಮಾದರಿಯನ್ನು ಅಲ್ಲಿ ಒಪ್ಪಿಸಬೇಕು. ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಅಂತಹ ಭಂಡಾರಗಳಲ್ಲಿ ಒಂದು. ತಲೆಮಾರುಗಳ ಕಾಲ ಇತರರು ಹೋಲಿಸಿ ನೋಡಲಿರುವ ಆ ಒಂದು ಸ್ಲೈಡಿನ ಗುಣಮಟ್ಟ, ಆಲಿಕೆಯಿಂದ ಅದು ಹೇಗೆ ಇಳಿಯಿತು ಎಂಬುದರ ಮೇಲೆಯೇ ನಿಂತಿದೆ.

ಬೆಲೆಯ ದೃಷ್ಟಿಯಿಂದ ನೋಡಿದರೆ, ಊರಿನ ತಗಡಿನ ಕೆಲಸದವರಿಂದ ಜಿಂಕ್ ಶೀಟಿನ ಆಲಿಕೆಗಳನ್ನು ಮಾಡಿಸಿಕೊಂಡರೆ ಇದರ ಒಂದು ಸಣ್ಣ ಪಾಲಿನಲ್ಲಿ ಮುಗಿಯುತ್ತದೆ, ಎಣಿಕೆಯ ಕೆಲಸಕ್ಕೆ ಅವು ಸಾಕು ಕೂಡ. ಹಾಗಿದ್ದರೂ ಸ್ಟೀಲಿನ ನುಣುಪು, ಕಡಿದಾದ ಇಳಿಜಾರು ಮತ್ತು ರೆಗ್ಯುಲೇಟರ್ ಇವುಗಳಿಗಾಗಿ ಹೆಚ್ಚಿನ ಹಣ ಕೊಡುವುದು ಸಾರ್ಥಕವೆಂದೇ ನನ್ನ ಅಭಿಪ್ರಾಯ. ಅಂತರರಾಷ್ಟ್ರೀಯ ಮಣ್ಣು ಪ್ರಾಣಿಶಾಸ್ತ್ರ ಸಮಾವೇಶ 1988ರಲ್ಲಿ ನಡೆದದ್ದು ಬೆಂಗಳೂರಿನಲ್ಲಿ. ಮಣ್ಣಿನ ಜೀವಿಗಳ ಅಧ್ಯಯನಕ್ಕೆ ಅಂತಹ ಹಿನ್ನೆಲೆಯಿರುವ ರಾಜ್ಯದಲ್ಲಿ ಪ್ರತಿ ಜಿಲ್ಲೆಯ ಒಂದು ಕಾಲೇಜಾದರೂ ಇಂಥದ್ದೊಂದನ್ನು ಇಟ್ಟುಕೊಳ್ಳುವುದು ಅಗತ್ಯವೆಂದು ನಾನು ನಂಬುತ್ತೇನೆ, ಏಕೆಂದರೆ ನಮ್ಮ ಘಟ್ಟದ ಮಣ್ಣಿನ ಬಿಳಿ ಜೀವಿಗಳನ್ನು ನೋಡಿದವರು ಬಹಳ ಕಡಿಮೆ. ಕರೆಂಟ್ ಹೋಗುವ ಊರುಗಳವರು ಮಾತ್ರ ಇನ್ವರ್ಟರ್ ವ್ಯವಸ್ಥೆಯನ್ನು ಮೊದಲೇ ಯೋಚಿಸಬೇಕು. ಬಲ್ಬ್ ಆರಿ ಮಣ್ಣು ತಣಿದರೆ ಕೆಳಗಿಳಿಯುತ್ತಿದ್ದವು ಮತ್ತೆ ಮೇಲಕ್ಕೆ ಸರಿಯುತ್ತವೆ.

ಕೊಳ್ಳುವ ಮುನ್ನ ತಯಾರಕರಿಂದ ಕೇಳಿ ಸರಿಪಡಿಸಿಕೊಳ್ಳಲೇಬೇಕಾದ ಒಂದು ಅಂಶ ಉಳಿದಿದೆ. ಆಲಿಕೆಯ ಒಳಗೋಡೆಯಲ್ಲಿ ಮೇಲಿಂದ ಕೆಳಗಿನವರೆಗೆ ಬೆಸುಗೆಯ ಏಣು ಹಾಗೆಯೇ ಉಳಿದಿದೆ, ಉಜ್ಜಿ ನುಣುಪು ಮಾಡಿಲ್ಲ. ಆ ಏಣಿನ ಸಂದಿನಲ್ಲಿ ಹಿಂದಿನ ಮಣ್ಣಿನ ಜೀವಿ ಉಳಿದುಕೊಂಡು ಮುಂದಿನ ಮಣ್ಣಿನ ಶೀಶೆಗೆ ಬೀಳುವುದು ಸಾಧ್ಯ. ಎಣಿಕೆಯಲ್ಲಿ ಅದು ಒಂದರ ವ್ಯತ್ಯಾಸ, ಹೋಲೋಟೈಪಿನ ವಿಷಯದಲ್ಲಿ ಅದು ಪ್ರಭೇದದ ಮೂಲಸ್ಥಾನವನ್ನೇ ತಪ್ಪಾಗಿ ದಾಖಲಿಸಿದಂತೆ. ಪ್ರತಿ ಸಲವೂ ಆಲಿಕೆಯನ್ನು ಬಿಚ್ಚಿ, ಬಿಸಿನೀರಿನಲ್ಲಿ ಬ್ರಶ್ಶಿನಿಂದ ತೊಳೆದು, ಎಥನಾಲ್ ಸುರಿದು ಒರೆಸಿ, ಆ ಎಥನಾಲನ್ನೂ ಸೂಕ್ಷ್ಮದರ್ಶಕದಡಿ ನೋಡಿದ ಮೇಲೆಯೇ ಹೊಸ ಮಣ್ಣನ್ನು ಇಡಬೇಕು. ಆರ್ಡರ್ ಕೊಡುವಾಗ ಒಳಬೆಸುಗೆಯನ್ನು ಉಜ್ಜಿ ಪಾಲಿಶ್ ಮಾಡಿಕೊಡುವಂತೆ ಪತ್ರದಲ್ಲೇ ಬರೆಸಿಕೊಂಡರೆ ಈ ಕೆಲಸ ಅರ್ಧಕ್ಕರ್ಧ ಹಗುರವಾಗುತ್ತದೆ.